ಅಳಿಯನ ತಪ್ಪು ಹುಡುಕುವ ಉದ್ಯೋಗ

ಹೆದರಿಕೆಯಲ್ಲಿ ನಾನಾ ತರಹ. ಕೆಲವರಿಗೆ ಹಾವಿನ ಹೆದರಿಕೆ, ಕೆಲವರಿಗೆ ಹಲ್ಲಿಯದು, ನಮ್ಮ ಓಣಿಯ ಪೈಲ್ವಾನರೊಬ್ಬರಿಗೆ ಇಂಜೆಕ್ಷನ್ ಸೂಜಿಯದು. ಇವೆಲ್ಲ ಮರ್ಯಾದಸ್ಥ ಹೆದರಿಕೆಗಳು, ನಾಲ್ಕು ಜನರೆದುರು ಹೇಳಿಕೊಳ್ಳಬಹುದು. ನನ್ನದು ಹಾಗಲ್ಲ. ಇನ್ನೊಬ್ಬರಿಗೆ ‘ನೀವು ಮಾಡಿದ್ದು ತಪ್ಪು’ ಎಂದು ಹೇಳುವುದೆಂದರೆ ನನಗೆ ಬಾಯಿ ಒಣಗಿ ಕೈಕಾಲು ತಣ್ಣಗಾಗುತ್ತವೆ. ಕ್ಷೌರದವನು ಒಂದು ಕಡೆಯ ಮೀಸೆ ಗಿಡ್ಡ ಮಾಡಿದರೆ ‘ಛಲೋ ಆಗ್ಯದ’ ಎಂದು ಹೇಳಿ ಬಂದು, ಇನ್ನೊಂದು ಕಡೆಯದನ್ನು ಮನೆಯಲ್ಲಿ ನಾನೇ ಕತ್ತರಿಸಿಕೊಳ್ಳುತ್ತೇನೆ. ನನ್ನ ರಿಸರ್ವೇಶನ್ ಸೀಟಿನಲ್ಲಿ ಯಾರೋ ಕೂತಿದ್ದರೆಂದು ಉದಗೀರದಿಂದ ಲಾತೂರಿನವರೆಗೆ ನಿಂತೇ ಹೋದದ್ದುಂಟು. ‘ಯಾಕ್ರಿ, ಕೂಡಂಗಿಲ್ಲೇನು?’ ಎಂದು ಆ ಮನುಷ್ಯ ಅಂತಃಕರಣದಿಂದ ಕೇಳಿದಾಗ, ‘ಇಲ್ರಿ, ಕೂತ್ರ ಬೆನ್ನು ನೋಯ್ತದ’ ಎಂದದ್ದೂ ಉಂಟು. ಇಂಥವನಿಗೆ ದೇವರು ಎಂಥ ಉದ್ಯೋಗ ಕೊಡಬೇಕಿತ್ತು? ಭಜನೆಯಲ್ಲಿ ತಾಳ ಹಾಕುವುದೋ, ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದೋ. ಹೆದರುವವನ ಮೇಲೆ ಕಪ್ಪೆ ಎಸೆದ ಹಾಗೆ ಅವನು ಕೊಟ್ಟದ್ದು ತಪ್ಪು ಹುಡುಕುವ ಉದ್ಯೋಗ.

ಕಿರಾಣಿ ಅಂಗಡಿಯೂ ನಮ್ಮದೇ ಇದೆ, ಕೆಳಗೆ. ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ. ನಾನು ಮುಂಜಾನೆ ಸ್ನಾನ, ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು ಮಾಳಿಗೆ ಏರಿ ಲ್ಯಾಪ್‌ಟಾಪಿನ ಮುಂದೆ ಕೂಡುತ್ತೇನೆ. ಕಂಪನಿ ಪುಣೆಯದು, ಸಣ್ಣದು. ‘ಮ್ಯಾಲ ಹೋಗಿ ದಿನಾ ಏನ್ ಮಾಡ್ತೀಪಾ?’ ಎಂದು ಅವ್ವ ಒಮ್ಮೆ ಕೇಳಿದಳು. ‘ಇನ್ನೊಬ್ರು ಮಾಡಿದ್ದು ಸರಿ ಅದನೋ ಇಲ್ಲೋ ನೋಡ್ತೀನವ್ವಾ’ ಎಂದೆ. ‘ಅದಕ್ಕ ಪಗಾರ ಕೊಡ್ತಾರ? ನಿಮ್ಮಜ್ಜಿ ಸಾಯೋತನಕ ಪುಕ್ಕಟ ಮಾಡ್ಯಾಳ’ ಎಂದಳು. ಅಜ್ಜಿಗೆ ಇದ್ದ ಧೈರ್ಯ ನನಗಿಲ್ಲವಾದ್ದರಿಂದ ಆ ಕೆಲಸವನ್ನು ನಾನು ಸ್ಕ್ರಿಪ್ಟುಗಳಿಂದ, ಅಂದರೆ ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳಿಂದ, ಮಾಡಿಸುತ್ತೇನೆ.

ನಮ್ಮ ಕಂಪನಿ ಬಾವಿಯ ಮೋಟಾರಿಗೆ ಹಚ್ಚುವ ಒಂದು ಡಬ್ಬಿ ಮಾಡುತ್ತದೆ. ನೀರಿದ್ದರೆ ಮೋಟಾರು ಶುರು ಮಾಡು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೀರು ನೋಡು, ಬತ್ತಿದ್ದರೆ ನಿಲ್ಲಿಸು. ಇದನ್ನು ಮನುಷ್ಯರು ತಮಗೆ ತಿಳಿಯುವ ಹಾಗೆ ಬರೆಯುತ್ತಾರೆ. ಡಬ್ಬಿಗೆ ತಿಳಿಯುವ ಹಾಗೆ ಅದನ್ನು ಬದಲಾಯಿಸಿ ಕೊಡುವುದು ಕಂಪೈಲರ್ ಎಂಬ ತಂತ್ರಾಂಶ. ಅದು ಬದಲಾಯಿಸುವಾಗ ಎಲ್ಲಿಯಾದರೂ ಎಡವುತ್ತದೆಯೋ ಎಂದು ನೋಡುವುದು ನನ್ನ ಪಾಲು. ನೂರಾರು ಪುಟ್ಟ ಪುಟ್ಟ ಪ್ರೋಗ್ರಾಮುಗಳನ್ನು ಬರೆದಿಟ್ಟಿದ್ದೇನೆ. ಪ್ರತಿದಿನ ಹತ್ತು ಗಂಟೆಗೆ ನನ್ನ ಸ್ಕ್ರಿಪ್ಟು ತಾನಾಗಿ ಎದ್ದು ಒಂದೊಂದನ್ನೂ ಕಂಪೈಲರಿಗೆ ಕೊಟ್ಟು, ಬರಬೇಕಾದ ಉತ್ತರ ಬಂದರೆ ಹಸಿರು ಗೆರೆ, ಬರದಿದ್ದರೆ ಕೆಂಪು ಗೆರೆ ಎಳೆದು, ಕಚೇರಿಯ ಎಲ್ಲರಿಗೂ ಈಮೇಲ್ ಟಪಾಲು ಕಳಿಸುತ್ತದೆ. ಅದಕ್ಕೆ ದಾಕ್ಷಿಣ್ಯವಿಲ್ಲ, ಭಿಡೆಯಿಲ್ಲ. ಹಾಗಾಗಿ ನಾಲ್ಕು ವರ್ಷ ನಾನು ಯಾರ ಮುಖವನ್ನೂ ನೋಡದೆ ಸುಖವಾಗಿದ್ದೆ.

ಆ ಸುಖಕ್ಕೆ ಕಲ್ಲು ಬಿದ್ದದ್ದು, ಕಂಪೈಲರ್ ಬರೆಯುವ ಕೆಲಸಕ್ಕೆ ನಮ್ಮ ದಾಜಿ ಸೇರಿಕೊಂಡಾಗ. ನಮ್ಮ ಕಡೆ ಅಕ್ಕನ ಗಂಡನಿಗೆ ದಾಜಿ ಎನ್ನುತ್ತೇವೆ. ಅವರು ನಿಲಂಗಾದಲ್ಲಿ ತಮ್ಮ ಮನೆಯಲ್ಲೇ ಕೂತು ಬರೆಯುತ್ತಾರೆ, ನಾನು ಉದಗೀರದಲ್ಲಿ ಕೂತು ತಪ್ಪು ಹುಡುಕಬೇಕು. ಯಾರಲ್ಲಿ? ಮನೆಯ ಅಳಿಯನಲ್ಲಿ! ಗಡಿಯಾಚೆಯ, ಕರ್ನಾಟಕದ ಓದುಗರಿಗೆ ಇದರ ಭಯಂಕರತೆ ಪೂರ್ತಿ ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ಅಳಿಯ ತಪ್ಪು ಮಾಡುವುದಿಲ್ಲ. ಮದುವೆಯಾದ ಹೊಸದರಲ್ಲಿ ದಾಜಿ ನಮ್ಮ ಅಪ್ಪನ ಜೊತೆ ದೇವಣಿಯ ದನದ ಬಜಾರಿಗೆ ಹೋಗಿದ್ದರು. ಅಲ್ಲೊಂದು ಕಪ್ಪು-ಬಿಳಿ ಮಚ್ಚೆಯ ಅಪ್ಪಟ ದೇವಣಿ ಹೋರಿಯನ್ನು ನೋಡಿ, ‘ಖಿಲಾರಿ ಹೋರಿ ಭಾರಿ ಅದರಿ ಮಾವಾ’ ಎಂದರಂತೆ. ಖಿಲಾರಿಯೆಂದರೆ ಬೇರೆಯೇ ತಳಿ, ಬಿಳಿ ಬಣ್ಣದ್ದು. ಹುಟ್ಟಿದಾಗಿನಿಂದ ದೇವಣಿ ದನ ಕಟ್ಟಿದ ಮನೆಯ ನಮ್ಮಪ್ಪ, ‘ಹೌದ್ರಿ, ಖಿಲಾರಿನೇ ಹೌದು’ ಎಂದು ಗೋಣು ಹಾಕಿದರು. ಹೋರಿಯ ಮಾಲೀಕ ಬಾಯಿ ತೆರೆದಾಗ ಅವನ ಕಾಲು ತುಳಿದರಂತೆ. ಅಂಥ ವಂಶದವನು ನಾನು.

ಮೊದಲ ವರ್ಷ ಹೇಗೋ ಕಳೆಯಿತು. ದಾಜಿ ಜಾಣರು, ಕೆಂಪು ಗೆರೆ ಅವರ ಪಾಲಿಗೆ ಬಂದದ್ದೇ ಕಡಿಮೆ. ಆಮೇಲೆ ಈ ಅಧಿಕ ಮಾಸ ಬಂತು. ಅದರಲ್ಲೊಂದು ಬುಧವಾರ ಮುಂಜಾನೆ ಹತ್ತಕ್ಕೆ ಇಪ್ಪತ್ತು ನಿಮಿಷ ಮೊದಲೇ ನಾನು ಸ್ಕ್ರಿಪ್ಟನ್ನು ಕೈಯಿಂದ ಓಡಿಸಿ ನೋಡಿದೆ. ನನಗೆ ಆ ಚಟವಿದೆ. ಕೆಟ್ಟ ಸುದ್ದಿಯಾದರೆ ಊರಿಗಿಂತ ಮೊದಲು ನನಗೆ ಗೊತ್ತಾಗಲಿ ಎಂದು. ಸಾಲಾಗಿ ಹಸಿರು ಗೆರೆಗಳು ಬಂದವು, ಬಂದವು, ಬಂದವು. ನಡುವೆ ಒಂದು ಕೆಂಪು.

ಅದು ನಾನು ಬಹಳ ಅಕ್ಕರೆಯಿಂದ ಬರೆದ ಪರೀಕ್ಷೆ. ಒಂದು ಸುಳ್ಳು ಬಾವಿ, ಅದರಲ್ಲಿ ನೀರು ಇದೆ, ಮೋಟಾರು ಶುರುವಾಗುತ್ತದೆ, ನಡುವೆ ಬಾವಿ ಬತ್ತುತ್ತದೆ, ಮೋಟಾರು ನಿಲ್ಲಬೇಕು. ನಿನ್ನೆಯ ತನಕ ನಿಲ್ಲುತ್ತಿತ್ತು. ಇವತ್ತು ಬಾವಿ ಬತ್ತಿದರೂ ಮೋಟಾರು ಓಡುತ್ತಲೇ ಇತ್ತು. ಯಾಕೆಂದು ಬಗೆದು ನೋಡಿದೆ. ದಾಜಿಯ ಕಂಪೈಲರ್, ‘ಒಮ್ಮೆ ನೀರು ನೋಡಿ ಆಗಿದೆಯಲ್ಲ, ಮತ್ತೇಕೆ ನೋಡಬೇಕು’ ಎಂದು ಎರಡನೇ ಸಲ ನೀರು ನೋಡುವ ಸಾಲನ್ನೇ ಕಿತ್ತು ಹಾಕಿತ್ತು. ನೀರಿಲ್ಲದೆ ಓಡಿದ ಮೋಟಾರು ಸುಟ್ಟು ಹೋಗುತ್ತದೆ. ಇದನ್ನು ಹೇಳಲು ಕಂಪ್ಯೂಟರ್ ಕಲಿಯಬೇಕಾಗಿಲ್ಲ.

ಟಪಾಲು ಹೋಗಲು ಎರಡು ನಿಮಿಷ ಉಳಿದಿತ್ತು. ಕಚೇರಿಯ ಎಲ್ಲರೂ ಓದುತ್ತಾರೆ: ದಾಜಿಯ ಹೆಸರು, ಕೆಂಪು ಗೆರೆ, ಹುಡುಕಿದವನು ಹೆಂಡತಿಯ ತಮ್ಮ. ಅವ್ವನ ಮುಖ ಕಣ್ಣ ಮುಂದೆ ಬಂತು, ಅಕ್ಕನದು ಬಂತು. ಬರುವ ಭಾನುವಾರ ಬಿಟ್ಟು ಮುಂದಿನ ಭಾನುವಾರ ಮಗಳು-ಅಳಿಯನನ್ನು ಧೋಂಡೆಯ ಊಟಕ್ಕೆ ಕರೆದಾಗಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಅಧಿಕ ಮಾಸದಲ್ಲಿ, ಹೂರಣ ತುಂಬಿದ ಧೋಂಡೆ ಮಾಡಿ, ಮೇಲೆ ತುಪ್ಪ ಸುರಿದು, ಅಳಿಯನನ್ನು ದೇವರ ಹಾಗೆ ಕೂಡಿಸಿ ಉಣಿಸುವ ಪದ್ಧತಿ ನಮ್ಮದು. ನನ್ನ ಕೈ ನನ್ನ ಮಾತು ಕೇಳಲಿಲ್ಲ. ಆ ಪರೀಕ್ಷೆಯ ತಲೆಯ ಮೇಲೆ ‘ಬಿಡು’ ಎಂಬ ಅರ್ಥದ ಒಂದು ಪದ ಬರೆದೆ. ಹಾಗೆ ಬರೆದರೆ ಸ್ಕ್ರಿಪ್ಟು ಆ ಪರೀಕ್ಷೆಯನ್ನು ದಾಟಿಕೊಂಡು ಹೋಗುತ್ತದೆ. ಯಾರು, ಯಾವಾಗ, ಯಾಕೆ ಬದಲಾಯಿಸಿದರು ಎಂದು ದಾಖಲೆಯಲ್ಲಿ ಒಂದು ಸಾಲು ಬರೆಯಬೇಕು. ‘ತಾತ್ಪುರತೆ’ ಎಂದು ಮರಾಠಿಯಲ್ಲಿ ಬರೆದೆ, ಸದ್ಯಕ್ಕೆ ಎಂದು. ಹತ್ತು ಗಂಟೆಗೆ ಟಪಾಲು ಹೋಯಿತು: ಎಲ್ಲಾ ಸರಿ ಇದೆ.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಫೋನು ಗುಂಯ್ ಎಂದರೆ ಬೆವರು. ನನ್ನ ಹೆಂಡತಿ ಮಹಾನಂದಾ ವಲಾಂಡಿಯ ಒಕ್ಕಲುತನದ ಮನೆಯವಳು. ಗಂಡನ ಮುಖ ನೋಡಿಯೇ ರೋಗ ಹೇಳುವವಳು.

‘ಏನಾಗ್ಯದ ಹೇಳ್ರಿ’ ಎಂದಳು. ‘ಪಿತ್ತ’ ಎಂದೆ.

‘ಪಿತ್ತಕ್ಕ ಯಾರರೆ ಫೋನ್ ನೋಡಿ ನಡಗ್ತಾರೇನ್ರಿ?’

ಅರ್ಧ ಹೇಳಿದೆ. ದಾಜಿಯ ಕಂಪೈಲರಿನಲ್ಲಿ ಇಂಥ ತಪ್ಪಿದೆ, ಅವರಿಗೆ ಹೇಳಬೇಕು, ಹೇಳಲು ಧೈರ್ಯವಿಲ್ಲ ಎಂದೆ. ‘ಬಿಡು’ ಎಂದು ಬರೆದದ್ದನ್ನು ಮಾತ್ರ ಬಿಟ್ಟೆ. ಆಕೆ, ‘ಆ ಡಬ್ಬಿ ಮೊದಲು ಯಾರ ಬಾವಿಗಿ ಕೂಡಸ್ತಾರ?’ ಎಂದು ಕೇಳಿದಳು. ಆಗ ನೆನಪಾಯಿತು. ಮೊದಲ ಡಬ್ಬಿಗಳಲ್ಲಿ ಒಂದನ್ನು ವಲಾಂಡಿಯ ನಮ್ಮ ಮಾವನವರ ಬಾವಿಗೆಂದು ನಾನೇ ಹೆಸರು ಬರೆಸಿದ್ದೆ, ಅಳಿಯತನದ ಗತ್ತು ತೋರಿಸಲು. ‘ಸೋಮವಾರ ಕಂಪೈಲರ್ ಹೊರಗೆ ಹೋಗ್ತದ. ಆ ವಾರದಾಗೇ ನಿಮ್ಮಪ್ಪನ ಬಾವಿಗಿ’ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡಳು. ‘ಭಾನುವಾರ ಅವ್ರು ಬರ್ತಾರಲ್ರಿ. ಎದುರಿಗಿ ಹೇಳ್ರಿ. ನಮ್ಮಪ್ಪನ ಮೋಟರ್ ಸುಟ್ರ ನಾ ಸುಮ್ಮನ ಇರಲ್ಲ, ಹೇಳಿರ್ತೀನಿ.’

ಅತ್ತ ದರಿ, ಇತ್ತ ಪುಲಿ. ದರಿಯ ಕಡೆಗೆ ಅವ್ವ, ಅಕ್ಕ, ದಾಜಿ. ಪುಲಿಯ ಜೊತೆ ನಾನು ಒಂದೇ ಮನೆಯಲ್ಲಿ ವಾಸ.

ಭಾನುವಾರ ಬಂತು. ದಾಜಿ-ಅಕ್ಕ ಹನ್ನೊಂದರ ಬಸ್ಸಿಗೆ ಇಳಿದರು. ಕಾಲಿಗೆ ನೀರು ಕೊಡುವಾಗಲೇ ಹೇಳಿಬಿಡೋಣವೆಂದುಕೊಂಡೆ. ‘ದಾಜಿ, ಬಿಸಿಲು ಭಾಳ ಅದ’ ಎಂದೆ. ‘ಹೌದು, ಭಾಳ ಅದ’ ಎಂದರು. ಚಹಾ ಕುಡಿಯುವಾಗ ಹೇಳೋಣವೆಂದರೆ ಅವ್ವ ಎದುರಿಗೆ ಕೂತಳು. ಊಟಕ್ಕೆ ಕೂತಾಗ ನೋಡುತ್ತೇನೆ, ದಾಜಿಯೂ ಯಾಕೋ ಸರಿಯಾಗಿ ಉಣ್ಣುತ್ತಿಲ್ಲ. ‘ಇನ್ನೊಂದು ಧೋಂಡೆ ತಗೋರಿ ಜಾವಯಿಬಾಪು’ ಎಂದು ಅವ್ವ ಅಳಿಯನಿಗೆ ಒತ್ತಾಯ ಮಾಡಿದರೆ ಕೈ ಅಡ್ಡ ಹಿಡಿಯುತ್ತಾರೆ. ಮಹಾನಂದಾ ಬಡಿಸುವ ನೆಪದಲ್ಲಿ ಬಂದಾಗಲೆಲ್ಲ ನನ್ನನ್ನು ಕಣ್ಣಿನಿಂದ ಚುಚ್ಚುತ್ತಿದ್ದಳು. ಊಟವಾಗಿ ಎಲೆಯಡಿಕೆ ಹಾಕಿಕೊಂಡ ಮೇಲೆ ದಾಜಿ ತಾವಾಗಿಯೇ, ‘ಮಲ್ಲೂ, ಮ್ಯಾಲ ನಡಿ, ಒಂದ್ ಮಾತದ’ ಎಂದರು. ಮಾಳಿಗೆಯ ಮೆಟ್ಟಿಲು ಏರುವಾಗ ನನಗೆ ಒಂದೇ ಯೋಚನೆ: ಗೊತ್ತಾಗಿದೆ, ಇವರಿಗೆ ಎಲ್ಲ ಗೊತ್ತಾಗಿದೆ.

ದಾಜಿ ಬಾಗಿಲು ಮುಚ್ಚಿ, ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ‘ಸಿಟ್ಟಾಗಬ್ಯಾಡಪಾ. ನಿಮ್ಮಕ್ಕಗೂ ಹೇಳಿಲ್ಲ ನಾ.’

‘ಸಿಟ್ಟ್ಯಾಕ ಆಗ್ಲಿರಿ ದಾಜಿ.’

‘ಹೊರಗ ಬಿಡೋಕಿಂತ ಮದ್ಲ ಟೆಸ್ಟ್ ಗಟ್ಟಿ ಅವನೋ ಇಲ್ಲೋ ನೋಡು ಅಂದ್ರು ಸಾಹೇಬ್ರು. ಅದಕ್ಕ ಬೇಕಂತಲೇ ನಾನೇ ಒಂದು ತಪ್ಪು ಸೇರಿಸಿಟ್ಟೆ. ಎರಡನೇ ಸರ್ತಿ ನೀರು ನೋಡೋದು ಕಿತ್ತಿ ಹಾಕ್ದೆ. ಹೊಸದಾಗಿ ಕಲ್ಯಾವ್ರ ಟೆಸ್ಟ್ ಸೈತ ಅದನ್ನ ಹಿಡೀಬೇಕು. ಹನ್ನೊಂದು ದಿನಾ ಆಯ್ತು, ನಿನ್ನ ಟಪಾಲು ದಿನಾ ಎಲ್ಲಾ ಸರಿ ಅಂತದ.’ ‘ಹೆಂಡ್ತಿ ತಮ್ಮಗ ನಿನ್ನ ಟೆಸ್ಟ್ ಕೆಲಸಕ್ಕ ಬರಲ್ಲ ಅಂತ ಹ್ಯಾಂಗ ಹೇಳ್ಲಿ? ಹನ್ನೊಂದು ದಿನದಿಂದ ಅಂಜಿ ಅಂಜಿ ಊಟ ಬಿಟ್ಟೀನಿ ನೋಡು.’

ಎದುರಿಗೆ ಎರಡೇ ದಾರಿಗಳಿದ್ದವು. ಸ್ಕ್ರಿಪ್ಟು ಮೊದಲ ದಿನವೇ ಹಿಡಿದಿತ್ತು, ನಾನೇ ಅದರ ಬಾಯಿ ಮುಚ್ಚಿದೆ ಎಂದರೆ ನಾನು ಹೇಡಿ, ಮೇಲೆ ಕಂಪನಿಗೆ ಹನ್ನೊಂದು ದಿನ ಸುಳ್ಳು ಟಪಾಲು ಕಳಿಸಿದವನು. ಹಿಡಿಯಲಿಲ್ಲ ಎಂದರೆ ನಾನು ಬರೀ ದಡ್ಡ. ದಡ್ಡನಾಗುವುದಕ್ಕೆ ಧೈರ್ಯ ಬೇಕಾಗಿಲ್ಲ. ‘ಹೌದ್ರಿ ದಾಜಿ’ ಎಂದೆ, ‘ನನ್ನ ಟೆಸ್ಟೇ ಸರಿ ಇಲ್ಲ.’

ದಾಜಿ ಉಸ್ಸೆಂದು ಕುಳಿತರು. ‘ಜಾಊ ದೇ, ಹೋಗ್ಲಿ ಬಿಡು, ಎಲ್ಲರ ಕಡಿಂದನೂ ಆಗ್ತದ. ಆ ತಪ್ಪು ಇವತ್ತೇ ತೆಗೀತೀನಿ. ನಾಳಿಂದ ನಾನೇ ಕೂತು ಕಲಸ್ತೀನಿ.’ ಕೆಳಗಿಳಿದು ಅವ್ವನನ್ನು ಕರೆದು ಇನ್ನೆರಡು ಧೋಂಡೆ ಹಾಕಿಸಿಕೊಂಡು ಉಂಡರು.

‘ಹೇಳಿದ್ರಿ?’ ಎಂದು ಮಹಾನಂದಾ ಅಡುಗೆಮನೆಯಲ್ಲಿ ಹಿಡಿದಳು. ‘ಮಾತಾಯ್ತು. ಆ ತಪ್ಪು ಇವತ್ತೇ ತೆಗೀತಾರಂತ’ ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ದಯವಿಟ್ಟು ಗಮನಿಸಬೇಕು. ಮದುವೆಯಾದ ಮೇಲೆ ಮೊದಲ ಸಲ ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ಗಂಡಸನ್ನು ನೋಡಿದ ಹಾಗೆ ನೋಡಿದಳು. ಆಮೇಲೆ ವಲಾಂಡಿಗೆ ಫೋನು ಹಚ್ಚಿ, ‘ಅಪ್ಪಾ, ನಿನ್ನ ಮೋಟರ್ ಉಳೀತು. ನಿನ್ನ ಅಳಿಯಾನೇ ತಪ್ಪು ಹಿಡದ್ರು’ ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು.

ಆ ವಾರ ದಾಜಿ ದಿನಾಲು ಫೋನಿನಲ್ಲಿ ಪಾಠ ಹೇಳಿದರು. ಬಾವಿ ಬತ್ತುವ ಪರೀಕ್ಷೆಯನ್ನು ಹೇಗೆ ಬರೆಯಬೇಕೆಂದು, ಅದನ್ನು ಬರೆದವನಿಗೇ ಕಲಿಸಿದರು. ಮೊದಲ ಸಲಕ್ಕೇ ಸರಿಯಾಗಿ ಬರೆದರೆ ಸಂಶಯ ಬಂದೀತೆಂದು ಎರಡು ಸಲ ಬೇಕೆಂದೇ ತಪ್ಪಿಸಿದೆ. ಹಳೆಯ ಪರೀಕ್ಷೆಯ ಮೇಲಿನ ‘ಬಿಡು’ವನ್ನು ಮುಟ್ಟಲು ಧೈರ್ಯವಾಗಲಿಲ್ಲ, ಮುಟ್ಟಿದರೆ ಯಾರಾದರೂ ಹಳೆಯ ದಾಖಲೆ ತೆರೆದು ತಾರೀಖು ನೋಡಬಹುದು.

ಅಧಿಕ ಮಾಸ ಮುಗಿಯುವುದರೊಳಗೆ ವಲಾಂಡಿಯಿಂದ ಧೋಂಡೆಯ ಕರೆ ಬಂತು. ಮಾವನವರು ನಾಲ್ಕು ಮಂದಿ ನೆರೆಯವರನ್ನೂ ಕರೆದು ಪಡಸಾಲೆಯಲ್ಲಿ ಕೂಡಿಸಿದ್ದರು. ‘ಇವ್ರೇ ನೋಡ್ರಿ ನಮ್ಮ ಅಳಿಯಂದ್ರು, ದೊಡ್ಡ ದೊಡ್ಡೋರ ತಪ್ಪು ಹಿಡೀತಾರ, ಯಾರಿಗೂ ಅಂಜಲ್ಲ’ ಎಂದು ಹೇಳುತ್ತಿದ್ದರು. ತಾಟು ಬರುವಾಗ ಜೇಬಿನಲ್ಲಿ ಫೋನು ಗುಂಯ್ ಎಂದಿತು. ನನ್ನ ಪರೀಕ್ಷೆಯನ್ನು ಯಾರೋ ಬದಲಾಯಿಸಿದ ಸೂಚನೆ. ತೆರೆದೆ. ‘ಬಿಡು’ವನ್ನು ದಾಜಿ ತೆಗೆದು ಹಾಕಿದ್ದರು. ಕಾರಣದ ಸಾಲಿನಲ್ಲಿ ಕನ್ನಡದಲ್ಲಿ ಬರೆದಿತ್ತು: ‘ಟೆಸ್ಟ್ ಮೊದಲ ದಿನಾನೇ ಹಿಡದದ. ನಾ ಯಾರಿಗೂ ಹೇಳಲ್ಲ.’ ಪುಣೆಯ ಕಚೇರಿಯಲ್ಲಿ ಕನ್ನಡ ಓದುವವರು ಒಬ್ಬರೂ ಇಲ್ಲ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ಮುಖ ಸುಟ್ಟ ಹಾಗಾಯಿತು, ಆ ನಾಚಿಕೆ ಮೊದಲ ಸಲ ಹೆದರಿಕೆಗಿಂತ ದೊಡ್ಡದಾಯಿತು. ‘ಮಾವಾ’ ಎಂದೆ. ‘ನಾ ಅಂಜುಬುರುಕ ಇದ್ದೀನ್ರಿ. ತಪ್ಪು ಕಂಡಿತ್ತು, ಮುಚ್ಚಿಟ್ಟೆ. ದಾಜಿಗಿ ನಾ ಏನೂ ಹೇಳಿಲ್ಲ. ಅವ್ರೇ ನನಗ ಹೇಳ್ಯಾರ.’

ಮಾವನವರು ತೊಡೆ ತಟ್ಟಿ ನಕ್ಕರು. ‘ನೋಡ್ರಿ, ನೋಡ್ರಿ, ಎಷ್ಟು ಸಣ್ಣಾಗಿ ಮಾತಾಡ್ತಾರ! ದೊಡ್ಡಸ್ತಿಕಿ ಅನ್ನೋದೇ ಇಲ್ಲ ನಮ್ಮ ಅಳಿಯಂದ್ರಿಗಿ!’ ನಾಲ್ಕು ಮಂದಿಯೂ ಹೌದು ಹೌದೆಂದು ಗೋಣು ಹಾಕಿದರು. ಅತ್ತೆ ಇನ್ನೊಂದು ಧೋಂಡೆ ಇಟ್ಟರು.

ತುಪ್ಪ ಹಾಕಲು ಬಂದ ಮಹಾನಂದಾ ಮಾತ್ರ ನಗಲಿಲ್ಲ. ನನ್ನ ತಾಟಿನ ಮೇಲೆ ಬಾಗಿದ್ದ ಸೌಟು ಬಾಗಿದಲ್ಲೇ ನಿಂತು, ನಿಧಾನವಾಗಿ ಹಿಂದೆ ಸರಿದು, ಪಕ್ಕದವರ ತಾಟಿಗೆ ಹೋಯಿತು. ಅಷ್ಟು ಜನರಲ್ಲಿ ನನ್ನ ಮಾತನ್ನು ನಂಬಿದವಳು ಆಕೆಯೊಬ್ಬಳೇ. ಉದಗೀರದ ಬಸ್ಸಿಗೆ ಇನ್ನೂ ಎರಡು ತಾಸು ಇತ್ತು, ಅದರಲ್ಲಿ ಆಕೆಯ ಪಕ್ಕದ ಸೀಟು ನನ್ನದು.