ಮಾವನ ‘ಭೇಷ್’ಗೊಂದು ರೆಕಾರ್ಡ್ ಪ್ಲೇಯರು

“ಈ ಸಲ ಮಾವನ ಬಾಯಿಂದ ‘ಭೇಷ್’ ಅನ್ನಿಸದಿದ್ರೆ ನನ್ನ ಹೆಸರು ಮಾರುತೇಶನೇ ಅಲ್ಲ!”

ಮಾರುತೇಶ ಈ ಘೋರ ಪ್ರತಿಜ್ಞೆ ಮಾಡಿದ್ದು ಬಚ್ಚಲಮನೆಯಲ್ಲಿ. ತಲೆಗೆ ನೀರು ಸುರಿದುಕೊಳ್ಳುತ್ತಾ ಮಾಡಿದ್ದರಿಂದ ಅರ್ಧ ಮೋರಿಗೆ ಹೋಯಿತು. ಉಳಿದರ್ಧ ಅಡುಗೆಮನೆಯಲ್ಲಿದ್ದ ಹೆಂಡತಿ ಕೊಟ್ರಮ್ಮನಿಗೆ ಕೇಳಿಸಿತು.

“ಮತ್ತೇನು ಹೆಸರು ಇಟ್ಕೊಂತೀರಾ? ಈಗ್ಲೇ ಹೇಳ್ರಿ, ರೇಷನ್ ಕಾರ್ಡಿನಾಗೆ ಬದಲಾಯಿಸ್ಬೇಕು!”

ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮಾವ ಬೊಮ್ಮಲಿಂಗಪ್ಪ ಹೊಗಳಿಕೆಯಲ್ಲಿ ಜಿಪುಣರೇನಲ್ಲ. ಆಡು ಅವಳಿ ಮರಿ ಹಾಕಿದರೆ “ಭೇಷ್!” ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ “ಭೇಷ್!” ಅಳಿಯನಿಗೆ ಮಾತ್ರ “ಹ್ಞೂಂ.” ಮಾರುತೇಶ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ರೈಟರ್ ಆದಾಗ “ಹ್ಞೂಂ.” ಸ್ಕೂಟರ್ ಕೊಂಡಾಗ “ಹ್ಞೂಂ.” ಮಗು ಹುಟ್ಟಿದಾಗ “ಭೇಷ್!” ಅಂದದ್ದೇನೋ ನಿಜ. ಆದರೆ ಅದು ತಮ್ಮ ಮಗಳ ಮುಖ ನೋಡಿಕೊಂಡು!

ಈ ಕೋಟೆಯನ್ನು ಒಡೆಯುವ ಗುಟ್ಟು ಮಾವನ ಪೆಟ್ಟಿಗೆಯಲ್ಲೇ ಇತ್ತು. ಸೀರೆ ತುಂಡಿನಲ್ಲಿ ಸುತ್ತಿಟ್ಟ ಒಂದೇ ಒಂದು ಗ್ರಾಮಾಫೋನ್ ರೆಕಾರ್ಡು. ರಾಜನೊಬ್ಬ ರಾಣಿಯನ್ನು ಅರಮನೆಯಿಂದ ಹೊರಗೆ ಅಟ್ಟುವ ಹಳೇ ನಾಟಕದ ಹಾಡು. ಎಲ್ಲೆಲ್ಲೂ ಕ್ಯಾಸೆಟ್ಟು ಬಂದು ಅದನ್ನು ನುಡಿಸುವ ಮಿಷನ್ನೇ ಊರಲ್ಲಿ ಉಳಿದಿರಲಿಲ್ಲ. ಹಬ್ಬ ಬಂದಾಗಲೆಲ್ಲ ಮಾವ ಅದನ್ನು ಬಿಚ್ಚಿ, ಒರೆಸಿ, ನಿಟ್ಟುಸಿರು ಬಿಟ್ಟು, ಮತ್ತೆ ಸುತ್ತಿಡುತ್ತಿದ್ದರು. ಆ ರಾಜನನ್ನು ಮತ್ತೆ ಹಾಡಿಸಿದ ಅಳಿಯನಿಗೆ ‘ಭೇಷ್’ ಎನ್ನದೆ ಹೋಗುತ್ತಾರೆಯೇ?

ಮಾರುತೇಶ ನೇರವಾಗಿ ಮೈಕ್‌ಸೆಟ್ ಓಬಳಪ್ಪನ ಗೋದಾಮಿಗೆ ನುಗ್ಗಿದ. ಒಂದು ಕಾಲಕ್ಕೆ ಸುತ್ತಮುತ್ತಲ ಮದುವೆಗಳನ್ನೆಲ್ಲ ಕುಣಿಸಿದ್ದ ರೆಕಾರ್ಡ್ ಪ್ಲೇಯರು ಅಲ್ಲೊಂದು ಮೂಲೆಯಲ್ಲಿತ್ತು. ಅದರ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು.

“ಕೋಳಿ ಬಿಟ್ಟು ಉಳಿದಿದ್ದು ತಗೊಂಡೋಗಪ್ಪ,” ಎಂದ ಓಬಳಪ್ಪ.

“ಇದರ ಬೆಲ್ಟು ಎಲ್ಲೈತೆ ಓಬಳಣ್ಣ?”

“ಒಳಗೆ ಜೋನಿಬೆಲ್ಲದಂಗೆ ಅಂಟಂಟಾಗಿ ಐತಲ್ಲ, ಅದೇ!”

ಕೋಳಿ ಕೊನೆಯ ಕುಟುಕು ಕುಟುಕಿ ಕೆಳಗಿಳಿಯಿತು. ಗಾನಯಂತ್ರ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಮೆರವಣಿಗೆಯಲ್ಲಿ ಮನೆಗೆ ಬಂತು.

ಜೀರ್ಣೋದ್ಧಾರ ಆರಂಭವಾಯಿತು. ಮೋಟಾರು ಕಿರ್ ಕಿರ್ ಎಂದಿತು.

“ಪ್ಯಾಟೆಯಿಂದ ಹೊಲಿಗೆ ಮಿಷನ್ನಿನ ಎಣ್ಣೆ ತಂದು ಬಿಡ್ರಿ,” ಎಂದಳು ಕೊಟ್ರಮ್ಮ.

“ಏನಂದೆ? ಚಳ್ಳಕೆರೆಯಾಗಿದ್ಕೊಂಡು, ಎಣ್ಣೆ ಮಿಲ್ಲಿನಾಗೆ ಕೆಲಸ ಮಾಡ್ಕೊಂಡು, ನಾನು ಬ್ಯಾರೆ ಎಣ್ಣೆ ತರ್ಬೇಕಾ? ಮರ್ಯಾದೆ ಪ್ರಶ್ನೆ ಕಣೇ!” ಎಂದವನೇ ಒಂದು ಲೋಟ ಶುದ್ಧ ಕಡಲೆಕಾಯಿ ಎಣ್ಣೆಯನ್ನು ಮೋಟಾರಿಗೆ ಕುಡಿಸಿದ. ಮರುದಿನ ಚಳ್ಳಕೆರೆಯ ಇರುವೆಗಳೆಲ್ಲ ಸಂಸಾರ ಸಮೇತ ಬಂದು ಇಳಿದವು.

ಬೆಲ್ಟಿನ ಸಮಸ್ಯೆ ಬಗೆಹರಿದ ಸುದ್ದಿ ಕೊಟ್ರಮ್ಮನಿಗೆ ತಿಳಿದದ್ದು ಬಟ್ಟೆ ಒಣಹಾಕುವಾಗ.

“ರೀ! ನನ್ನ ಲಂಗದ ಲಾಡಿ ಎಲ್ಲಿ?”

“ಕಲಾಸೇವೆಯಾಗೆ ಐತೆ!”

ಆದರೆ ಲಾಡಿ ಜಾರುತ್ತಿತ್ತು. ಮಾರುತೇಶ ನಕ್ಕ. ಮಿಲ್ಲಿನಲ್ಲಿ ಬೆಲ್ಟು ಜಾರಿದರೆ ಮೇಸ್ತ್ರಿ ಏನು ಮಾಡುತ್ತಾನೆಂದು ಅವನಿಗೆ ಗೊತ್ತಿಲ್ಲವೇ? ನಡುವೆ ಒಂದು ತಿರುವು ಕೊಟ್ಟು, ಇಂಗ್ಲಿಷಿನ ಎಂಟರ ಹಾಗೆ ಅಡ್ಡ ಹಾಕುತ್ತಾನೆ. ಬೆಲ್ಟು ಗಟ್ಟಿಯಾಗಿ ಹಿಡಿಯುತ್ತದೆ. ಮಾರುತೇಶನೂ ಹಾಗೇ ಹಾಕಿದ. ತಟ್ಟೆ ಜುಮ್ಮೆಂದು ತಿರುಗಿತು!

ಕೊಟ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. “ಗಡಿಯಾರದ ಮುಳ್ಳು ಹೋಗೋ ಕಡೆಗೆ ಹೋಗ್ತಿಲ್ಲ. ಈ ಕಡೆಗೇ ತಿರುಗ್ಬೇಕೇನ್ರಿ ಇದು?”

“ಭೂಮಿ ಯಾವ ಕಡೆ ತಿರುಗ್ತೈತೆ ಅಂತ ನೋಡ್ಕೊಂಡು ಓಡಾಡ್ತೀಯೇನು? ತಿರುಗಿದ್ರೆ ಸಾಕು, ಸುಮ್ನಿರು!”

ಭಾನುವಾರ ಮಾವ ಬಂದರು, ಅತ್ತೆ ಯರ್ರಮ್ಮ ಬಂದರು, ಸೀರೆ ತುಂಡಿನಲ್ಲಿ ರಾಜನೂ ಬಂದ. ಪಕ್ಕದ ಮನೆಯ ದುರುಗಕ್ಕ ಚಾಪೆ ಸಮೇತ ಬಂದು ಮುಂದಿನ ಸಾಲಿನಲ್ಲಿ ಕೂತಳು. ಮಾರುತೇಶ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ರೆಕಾರ್ಡಿನ ಅಂಚಿಗೆ ಮುಳ್ಳು ಇಟ್ಟ. ಮುಳ್ಳು ಜಾರಿ ಹೊರಗೆ ಬಿತ್ತು. ಮತ್ತೆ ಇಟ್ಟ. ಮತ್ತೆ ಬಿತ್ತು.

“ಪಾಪ, ಅದಕ್ಕೂ ಒಳಗೆ ಹೋಗೋಕೆ ಇಷ್ಟ ಇಲ್ಲ,” ಎಂದಳು ದುರುಗಕ್ಕ.

ರೇಗಿದ ಮಾರುತೇಶ ಮುಳ್ಳನ್ನು ರೆಕಾರ್ಡಿನ ನಟ್ಟನಡುವೆ ಊರಿಬಿಟ್ಟ. ಯಂತ್ರ ಬಾಯಿ ಬಿಟ್ಟಿತು!

“ವ್ಯೂಪ್... ಅಳುಷ್ ಝೂರ್ಪ್... ವ್ಯಾಯ್‌ಯ್ಪ್!”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ತೆಲುಗು ಹಾಡಾ ಅಪ್ಪಾ?” ಎಂದಳು ಕೊಟ್ರಮ್ಮ.

“ತೆಲುಗು ನನಗೆ ಬರಲ್ಲೇನಮ್ಮ? ಇದು ಮನುಷ್ಯರದ್ದೇ ಅಲ್ಲ!” ಎಂದರು ಮಾವ.

ಯರ್ರಮ್ಮ ಮಾತ್ರ ಬಗ್ಗಿ ತಟ್ಟೆಯನ್ನೂ ಅದರಡಿ ಅಡ್ಡ ಹಾಕಿದ್ದ ಲಾಡಿಯನ್ನೂ ನೋಡಿದರು, ಹಣೆ ಚಚ್ಚಿಕೊಂಡರು. “ಅಯ್ಯೋ, ಹಿಂದು ಮುಂದಾಗಿ ತಿರುಗ್ತೈತೆ! ಇಷ್ಟು ವರ್ಷದಿಂದ ರಾಜ ರಾಣಿನ ಹೊರಗೆ ಹಾಕ್ತಿದ್ದ. ನಮ್ಮ ಅಳಿಯ ವಾಪಸ್ ಕರೆಸಿಬಿಟ್ಟ ನೋಡ್ರಿ!”

ಅಷ್ಟರಲ್ಲಿ ಮೋಟಾರು ಕಾಯ್ದು, ಒಳಗಿದ್ದ ಕಡಲೆಕಾಯಿ ಎಣ್ಣೆ ಹದಕ್ಕೆ ಬಂದಿತ್ತು. ದುರುಗಕ್ಕ ಮೂಗರಳಿಸಿದಳು. “ಕೊಟ್ರಮ್ಮಾ, ಮೆಣಸಿನಕಾಯಿ ಬಜ್ಜಿನೂ ಐತಾ? ಹೇಳ್ಲೇ ಇಲ್ವಲ್ಲೇ! ನಾನು ಉಂಡ್ಕೊಂಡು ಬಂದ್ಬಿಟ್ಟೆ!” ವಾಸನೆ ಹಿಡಿದು ಬೀದಿಯ ಇನ್ನೂ ನಾಲ್ಕು ಮನೆಯವರು ಬಂದು ಜಗಲಿ ಮೇಲೆ ಕೂತರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ? ಕೊಟ್ರಮ್ಮ ಗಂಡನನ್ನು ಸುಡುವ ಹಾಗೆ ನೋಡಿ, ಕಡಲೆಹಿಟ್ಟು ಕಲಸಲು ಎದ್ದಳು.

ಮಾರುತೇಶ ಬೆವರು ಒರೆಸಿಕೊಂಡು ಮಾವನತ್ತ ತಿರುಗಿದ. ಮಾವ ತಟ್ಟೆಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಮೆಲ್ಲನೆ ರೆಕಾರ್ಡನ್ನು ಎತ್ತಿ ಪಕ್ಕಕ್ಕಿಟ್ಟರು. ಜುಬ್ಬಾ ಜೇಬಿನಿಂದ ಮಗ್ಗಕ್ಕೆ ನೂಲು ಸುತ್ತುವ ಖಾಲಿ ಕಂಡಿಕೆಯೊಂದನ್ನು ತೆಗೆದು ತಟ್ಟೆಯ ನಡುವಿನ ಕಡ್ಡಿಗೆ ಸಿಕ್ಕಿಸಿ, ರೇಷ್ಮೆ ಎಳೆಯೊಂದನ್ನು ಅಂಟಿಸಿದರು. ಎಳೆ ಹರಿಯಲಿಲ್ಲ, ಜಗ್ಗಲಿಲ್ಲ. ಸದ್ದಿಲ್ಲದೆ, ನಯವಾಗಿ, ಹಾವಿನಂತೆ ಸುತ್ತಿಕೊಳ್ಳತೊಡಗಿತು.

“ಭೇಷ್!” ಎಂದರು ಬೊಮ್ಮಲಿಂಗಪ್ಪ. “ಭೇಷ್, ಭೇಷ್! ನಮ್ಮ ರಾಟೆನೂ ಹಿಂಗೇ, ಈ ಕಡೆಗೇ ತಿರುಗೋದು! ಯರ್ರೀ, ಇನ್ಮೇಲೆ ಕಂಡಿಕೆ ಸುತ್ತಿ ನಿನ್ನ ಭುಜ ನೋಯಂಗಿಲ್ಲ!”

ಮಾರುತೇಶನ ಎದೆ ಉಬ್ಬಿತು. “ಮಾವಾ, ನನಗಾ ಭೇಷ್ ಅಂದಿದ್ದು?”

ಮಾವ ಅವನನ್ನು ಆಗ ತಾನೇ ಕಂಡವರಂತೆ ನೋಡಿದರು. “ಹ್ಞೂಂ?”

ಸಂಜೆ ಬಸ್ಸಿಗೆ ಗಾನಯಂತ್ರ ಮಾವನ ತೊಡೆಯೇರಿ ಮೊಳಕಾಲ್ಮೂರಿಗೆ ಹೊರಟಿತು. ಕಿಟಕಿಯಿಂದ ಮಾವ ರೆಕಾರ್ಡನ್ನು ಅಳಿಯನ ಕೈಗಿಟ್ಟರು. “ಇದು ನಿನಗೇ ಇರ್ಲಿ ಅಳಿಯಪ್ಪ. ಇನ್ನು ಮಿಷನ್ನಿಗೆ ಹಾಡೋಕೆ ಪುರುಸೊತ್ತು ಎಲ್ಲೈತೆ?”

ಈಗ ಹಬ್ಬ ಬಂದಾಗಲೆಲ್ಲ ಮಾರುತೇಶ ರೆಕಾರ್ಡನ್ನು ಬಿಚ್ಚುತ್ತಾನೆ, ಒರೆಸುತ್ತಾನೆ, ನಿಟ್ಟುಸಿರು ಬಿಟ್ಟು ಮತ್ತೆ ಸುತ್ತಿಡುತ್ತಾನೆ.

ಮೊನ್ನೆ ದೀಪಾವಳಿಗೆ ಯರ್ರಮ್ಮ ಮಗಳಿಗೊಂದು ಹೊಸ ರೇಷ್ಮೆ ಸೀರೆ ತಂದರು. ಅಳಿಯನಿಗೂ ಒಂದು ಪುಟ್ಟ ಪೊಟ್ಟಣ ಇತ್ತು. ಮಾರುತೇಶ ಆಸೆಯಿಂದ ಬಿಚ್ಚಿದ. ಒಳಗೆ ಹೊಚ್ಚ ಹೊಸ ಲಾಡಿ!

“ನಿಮ್ಮ ಮಾವ ಕಳಿಸ್ಯಾರೆ,” ಎಂದರು ಅತ್ತೆ. “ಇನ್ನೊಂದು ಮಿಷನ್ ಬೇಕಂತೆ. ಹೋದ್ಸಲದಂಗೇ ರಿಪೇರಿ ಮಾಡ್ಬೇಕಂತೆ. ಅಪ್ಪಿತಪ್ಪಿನೂ ಹಾಡಬಾರ್ದಂತೆ!”