ಹಸಿ ಕೌದಿ ಮತ್ತು ನನ್ನ ಕಂಪ್ಯೂಟರ್

ಓದಿದವರಿಗೆ ಒಂದು ಚಟವಿರುತ್ತದೆ. ಯಾವ ವಸ್ತು ಕೆಟ್ಟರೂ ಕಾರಣ ಅದರ ಹೊಟ್ಟೆಯೊಳಗೇ ಇದೆ ಎಂದು ನಂಬಿ ಸ್ಕ್ರೂಡ್ರೈವರ್ ಹಿಡಿದು ಕೂರುತ್ತೇವೆ. ತಲೆ ಎತ್ತಿ ಕಿಟಕಿಯಾಚೆ ನೋಡುವ ಅಭ್ಯಾಸ ನಮಗಿಲ್ಲ. ನಾನು ಆಳಂದದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು; ವಿದ್ಯುತ್ತಿನ ಪಾಠ ಬಂತೆಂದರೆ ನನ್ನ ದನಿ ಪಕ್ಕದ ಎರಡು ತರಗತಿಗಳಿಗೂ ಕೇಳುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವಾಗ ನಾಚಿಕೆ ಸ್ವಲ್ಪ ಕಡಿಮೆಯಾದೀತು.

ನನ್ನ ಕಂಪ್ಯೂಟರ್ ಇರುವುದು ಅಂಗಳದಾಚೆಯ ಖೋಲಿಯಲ್ಲಿ. ಮಾನೌಮಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಅದು ಹಾಡಹಗಲೇ ತಟ್ಟನೆ ಆರಿ, 'ಟುಂಯ್' ಎಂದು ತಾನೇ ಮತ್ತೆ ಶುರುವಾಗತೊಡಗಿತು. ಪ್ರಶ್ನೆಪತ್ರಿಕೆಯ ಹನ್ನೊಂದನೇ ಪ್ರಶ್ನೆಯನ್ನು ನಾಲ್ಕು ಸಲ ಟೈಪ್ ಮಾಡಿದೆ. ಡಬ್ಬಿ ಬಿಚ್ಚಿ ಧೂಳು ಊದಿದೆ. ಧೂಳು ನನ್ನ ಕಣ್ಣಿಗೆ ಬಂತು, ರೋಗ ಅಲ್ಲೇ ಉಳಿಯಿತು. ಒಳಗಿನ ಮೆಮೊರಿ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಅದರ ಜೊತೆ ನಮ್ಮ ಮದುವೆಯ ಫೋಟೋಗಳೂ ಹೋದವು. ಹೆಂಡತಿ ಮಹಾದೇವಿ ಈ ಪ್ರಬಂಧ ಓದುವವರೆಗೆ ಅದು ಗುಟ್ಟಾಗಿಯೇ ಇರಲಿ. ಕೊನೆಗೆ ಕಲಬುರಗಿಯ ಅಂಗಡಿಗೆ ಹೊತ್ತೊಯ್ದೆ. ಅಲ್ಲಿ ಎರಡು ದಿನ ಒಮ್ಮೆಯೂ ಕಣ್ಣು ಮಿಟುಕಿಸದೆ ನಡೆಯಿತು. ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿ, "ಕಂಪ್ಯೂಟರ್ ಚೊಲೊ ಅದರಿ ಸರ. ನಿಮ್ಮ ತಬಿಯತ್ ಹ್ಯಾಂಗದ?" ಎಂದ.

ಆ ದಿನಗಳಲ್ಲೇ ನಿಂಬರ್ಗಾದಿಂದ ನನ್ನ ಅಕ್ಕ ಗೌರಕ್ಕ ಬಂದಿದ್ದಳು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಹಬ್ಬಕ್ಕೆ ಮುಂಚೆ, ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಮನೆಯ ದಪ್ಪ ಕೌದಿಗಳನ್ನೆಲ್ಲ ಒಗೆಯುವುದು ನಮ್ಮ ಕಡೆ ಪದ್ಧತಿ. ಮಹಾದೇವಿ ದಿನಕ್ಕೆ ಒಂದೆರಡು ಒಗೆಯುತ್ತಿದ್ದಳು, ಅಕ್ಕ ಪಡಸಾಲೆಯಲ್ಲಿ ಕೂತು ಹರಿದವಕ್ಕೆ ತೇಪೆ ಹಾಕುತ್ತಿದ್ದಳು. ಅಲ್ಲಿಂದ ಅವಳಿಗೆ ಅಂಗಳವೂ ಕಾಣುತ್ತಿತ್ತು, ಖೋಲಿಯ ಕಿಟಕಿಯಲ್ಲಿ ನನ್ನ ಬೆವರಿದ ಮುಖವೂ ಕಾಣುತ್ತಿತ್ತು.

"ತಮ್ಮಾ," ಎಂದಳು ಒಂದು ಸಂಜೆ, "ಸೀರಿ ಒಣಹಾಕಿದ್ರ ನಿನ್ನ ಡಬ್ಬಿಗಿ ಏನೂ ಆಗಂಗಿಲ್ಲ. ಹಸಿ ಕೌದಿ ಹಾಕಿದ್ರ ಟುಂಯ್ ಅಂತದ. ಮೂರು ದಿನ ಆತು, ನೋಡಾಕತ್ತೇನಿ."

ಕಾಕತಾಳೀಯಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸವನ್ನು ನಾನು ಅವಳಿಗೆ ಕಾಲು ಗಂಟೆ ವಿವರಿಸಿದೆ. ಅವಳು ಸೂಜಿಗೆ ದಾರ ಪೋಣಿಸುತ್ತ ಕೇಳಿ, "ಹೌದೇಳಪಾ, ಮಾಸ್ತರ," ಎಂದಳು.

ಮರುದಿನ ಮಧ್ಯಾಹ್ನ ಮಹಾದೇವಿ ಒಂದು ಕೌದಿಯನ್ನು ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಯ ಮೇಲೆ ಹಾಕಿ, ಇನ್ನೊಂದನ್ನು ತರಲು ಒಗೆಯುವ ಕಲ್ಲಿನ ಕಡೆ ಹೋದಳು. ನನ್ನ ಕಂಪ್ಯೂಟರ್ ಆರಿ ಮತ್ತೆ ಶುರುವಾಯಿತು. ಈ ಸಲ ಅಕ್ಕ ಕಂಪ್ಯೂಟರ್ ನೋಡುತ್ತಿರಲಿಲ್ಲ. ತಂತಿಯ ತುದಿ ನೋಡುತ್ತಿದ್ದಳು. ಮನೆಯಿಂದ ಖೋಲಿಗೆ ಬರುವ ಕರೆಂಟಿನ ವಾಯರ್ ಒಂದು ಕಬ್ಬಿಣದ ಪೈಪಿನೊಳಗಿಂದ ಇಳಿಯುತ್ತದೆ. ಬಟ್ಟೆಯ ತಂತಿಯನ್ನೂ ಅದೇ ಪೈಪಿಗೆ ಬಿಗಿಯಲಾಗಿತ್ತು. ಕೌದಿಯ ಭಾರಕ್ಕೆ ಪೈಪು ಬಾಗಿ, ಅದರ ಬಾಯಲ್ಲಿ ನೀಲಿ ಕಿಡಿ ಹಾರಿದ್ದನ್ನು ಅವಳು ಕಂಡಳು. ಮಹಾದೇವಿ ಬರಿಗಾಲಲ್ಲಿ, ನೀರು ಸುರಿಯುವ ಎರಡನೇ ಕೌದಿಯನ್ನು ಹೆಗಲ ಮೇಲೆ ಹೊತ್ತು ತಂತಿಯ ಹತ್ತಿರ ಬಂದುಬಿಟ್ಟಿದ್ದಳು.

"ತಂತಿಗಿ ಕೈ ಹಚ್ಚಬ್ಯಾಡ ಬೇ! ಅಲ್ಲೇ ನಿಂದ್ರು! ತಮ್ಮಾ, ಕರೆಂಟ್ ಬಂದ್ ಮಾಡೋ!"

ಮಹಾದೇವಿ ನಿಂತಳು. ತಂತಿಗೂ ಅವಳಿಗೂ ನಡುವೆ ಎರಡು ಹೆಜ್ಜೆ. ಆ ಎರಡು ಹೆಜ್ಜೆಗಳನ್ನು ನಾನು ಇಂದಿಗೂ ಕಣ್ಣು ಮುಚ್ಚಿದರೆ ಅಳೆಯುತ್ತೇನೆ. ಆ ಹೊತ್ತಿನಲ್ಲಿ ನಾನು ಏನು ಮಾಡಿದೆ? ಮೌಸ್ ಹಿಡಿದು, ಬಾಣವನ್ನು ಮೂಲೆಗೆ ಒಯ್ದು, ಕಂಪ್ಯೂಟರನ್ನು ಕ್ರಮಬದ್ಧವಾಗಿ 'ಶಟ್ ಡೌನ್' ಮಾಡಿದೆ. ಅದು 'ಅಪ್‌ಡೇಟ್ ನಡೆಯುತ್ತಿದೆ, ದಯವಿಟ್ಟು ಆಫ್ ಮಾಡಬೇಡಿ' ಎಂದಿತು. ನಾನು ಆಜ್ಞಾಧಾರಕನಾಗಿ ಕಾಯುತ್ತ ನಿಂತೆ.

ಮೊಣಕಾಲು ನೋವಿನಿಂದ ಗೋಡೆ ಹಿಡಿದು ಏಳುವ ನನ್ನ ಅಕ್ಕ ಅಷ್ಟರಲ್ಲಿ ಎದ್ದು, ಪಡಸಾಲೆ ದಾಟಿ ಓಡಿ, ಮೇನ್ ಸ್ವಿಚ್ ಎಳೆದಿದ್ದಳು. ಅಪ್‌ಡೇಟ್ ಅರ್ಧಕ್ಕೇ ನಿಂತಿತು. ಮಹಾದೇವಿ ಕೌದಿಯ ಸಮೇತ ಅಂಗಳದಲ್ಲೇ ಕುಸಿದು ಕೂತಳು. ಅಕ್ಕ ಅವಳ ಪಕ್ಕ ಕೂತು ಬೆನ್ನು ಸವರುತ್ತ, "ನಮ್ಮ ಹೊಲದಾಗ ಮೋಟಾರಿನ ವಾಯರ್ ತಾಗಿ ಎಮ್ಮಿ ಸತ್ತಾಗ ಹಿಂಗೇ ನೀಲಿ ಕಿಡಿ ಕಂಡಿದ್ದೆ ಬೇ," ಎಂದಳು. ಅವಳ ಕೈಯಲ್ಲಿ ಸೂಜಿ ಇನ್ನೂ ಇತ್ತು; ಅದರಲ್ಲಿ ದಾರವೂ ಇತ್ತು.

ವಾಯರ್‌ಮನ್ ಬಂದು ಏಣಿ ಹತ್ತಿದ. ಪೈಪಿನ ಅಂಚು ವಾಯರಿನ ಪ್ಲಾಸ್ಟಿಕ್ಕನ್ನು ತಿಂದು ತಾಮ್ರವನ್ನು ಬಯಲಾಗಿಸಿತ್ತು, ಒಳಗಿನ ಜೋಡಣೆ ಸಡಿಲಾಗಿ ಭಾರ ಬಿದ್ದಾಗಲೆಲ್ಲ ಕರೆಂಟು ಕಣ್ಣು ಮುಚ್ಚುತ್ತಿತ್ತು. "ಇನ್ನೊಂದ್ ಕೌದಿ ಬಿದ್ದಿದ್ರ ಈ ತಂತಿನೇ ಜೀವ ತಗೋತಿತ್ತು," ಎಂದು ಇಳಿದು ಬಂದು, "ಪೈಪಿಗಿ ತಂತಿ ಕಟ್ಟಿದ ಪುಣ್ಯಾತ್ಮ ಯಾರ್ರಿ? ಅವನ ಕೈಗಿ ಬಂಗಾರದ ಕಡಾ ಹಾಕಬೇಕು!" ಎಂದ.

ಕಟ್ಟಿದವನು ನಾನು. ಎರಡು ವರ್ಷದ ಹಿಂದೆ, 'ಕಟ್ಟಿಗೆಯ ಗೂಟಕ್ಕಿಂತ ಕಬ್ಬಿಣ ಗಟ್ಟಿ' ಎಂದು ಮಹಾದೇವಿಗೆ ತಿಳಿಹೇಳಿ. ಅಕ್ಕನಿಗೂ ಇದು ಗೊತ್ತು. ಅವಳು ನನ್ನ ಮುಖ ನೋಡಲಿಲ್ಲ. "ಯಾರೋ ಭಾಳ ಓದಿದವರು ಕಟ್ಟ್ಯಾರ್ರಿ ಅಣ್ಣಾ," ಎಂದು ತೇಪೆಗೆ ಬಟ್ಟೆ ಹುಡುಕತೊಡಗಿದಳು.

ಈಗ ತಂತಿ ಎರಡು ಕಟ್ಟಿಗೆಯ ಗೂಟಗಳ ನಡುವೆ ಇದೆ. ಪೆನ್ಸಿಲ್ ರಬ್ಬರ್ ಮೇಜಿನ ಡ್ರಾಯರಿಗೆ ಮರಳಿದೆ. ಕಂಪ್ಯೂಟರ್ ಆಮೇಲೆ ಒಮ್ಮೆಯೂ ತಾನಾಗಿ ಆರಿಲ್ಲ. ಪಾಪ, ಅದು ಅಷ್ಟು ದಿನ ಬಾಯಿ ಬಡಿದುಕೊಂಡು ಹೇಳಿದ್ದು ಮನೆಯಲ್ಲಿ ಒಬ್ಬಳಿಗೆ ಮಾತ್ರ ತಿಳಿಯಿತು. ಮೊನ್ನೆ ತರಗತಿಯಲ್ಲಿ ಒಬ್ಬ ಹುಡುಗಿ, "ಸರ್, ಯಾರಿಗಾರ ಶಾಕ್ ಹೊಡೆಯಾಕತ್ತಿದ್ರ ಮೊದ್ಲು ಏನ್ ಮಾಡಬೇಕ್ರಿ?" ಎಂದು ಕೇಳಿದಳು. "ಮೊದಲು ಮೇನ್ ಸ್ವಿಚ್ ಬಂದ್ ಮಾಡಬೇಕು!" ಎಂದು ಎರಡು ತರಗತಿಗಳಿಗೆ ಕೇಳುವಂತೆ ಹೇಳಿದೆ. ಹೇಳುವಾಗಲೇ ಮೇಜಿನ ಮೇಲಿದ್ದ ನನ್ನ ಬಲಗೈಯ ತೋರುಬೆರಳು, ನನ್ನನ್ನು ಕೇಳದೆ, ಮೆಲ್ಲಗೆ ಒಮ್ಮೆ ಕ್ಲಿಕ್ ಮಾಡಿತು.