ಗೋದಾಮಿಗೇ ಹೋಗುವ ಪ್ರಿಂಟು

ಬೆಳಿಗ್ಗೆ ಆಫೀಸಿನ ಫ್ಯಾನುಗಳಿನ್ನೂ ಸರಿಯಾಗಿ ತಿರುಗತೊಡಗಿರಲಿಲ್ಲ. ಅಷ್ಟರಲ್ಲೇ ಬಿಲ್ಲಿನ ಮೇಡಂ ಕೊಟ್ಟ ಪ್ರಿಂಟು ಪಕ್ಕದ ಪ್ರಿಂಟರಿನಲ್ಲಿ ಬರದೆ, ಅಂಗಳದಾಚೆಯ ಗೋದಾಮಿನಲ್ಲಿ ಬಂದುಬಿಟ್ಟಿತು.

“ಸರ್ವರ್! ಎಲ್ಲಿದೀರಪ್ಪಾ?”

ಸರ್ವರ್ ಎಂದರೆ ಯಂತ್ರವಲ್ಲ, ಮನುಷ್ಯ. ಬಾಗಿಲು, ಕಿಟಕಿ ಮಾಡಿ ಮಾರುವ ಆ ಕಂಪನಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಏನೇ ಕೆಟ್ಟರೂ ತಲೆ ಕೆರೆದುಕೊಂಡು “ಸರ್ವರ್ ಪ್ರಾಬ್ಲಮ್ಮು” ಎನ್ನುತ್ತಿದ್ದ. ಆ ಹೆಸರೇ ಅಂಟಿಕೊಂಡಿತು. ಇದು ಕಿವಿಗೆ ಬಿದ್ದಾಗ, ಅಳಿಯ ಯಾವ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದಾನೋ ಎಂದು ಅವನ ಮಾವ ನಿದ್ದೆಗೆಟ್ಟಿದ್ದರು.

ಆ ಮಾವನ ಮನೆಯ ಮಹಡಿ ಕೋಣೆಯಲ್ಲೇ ಅವನ ಸಂಸಾರ. ಕೆಲಸ ಕಾಯಂ ಆದರೆ ಬೇರೆ ಮನೆ ಹುಡುಕೋಣ ಎಂದು ಹೆಂಡತಿ ತುದಿಗಾಲಲ್ಲಿ ನಿಂತಿದ್ದಳು. ಪ್ರೊಬೇಷನ್ ಮುಗಿಯುವುದು ಅಂದೇ. ಕಾಯಂ ಮಾಡಬೇಕಾದವರು ಯಜಮಾನರಲ್ಲ, ಯಜಮಾನರ ಅಕ್ಕ. ಇಡೀ ಆಫೀಸಿಗೆ ಅವರು ‘ಅಕ್ಕಾವ್ರು’. ಕುರ್ಚಿ ತಮ್ಮನದು, ಕಾರುಬಾರು ಅಕ್ಕನದು. ಯಜಮಾನರ ಕೋಣೆಯ ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತಿರುತ್ತಿದ್ದ ಅವರ ಕಣ್ಣು ತಪ್ಪಿಸಿ ಒಂದು ನೊಣವೂ ಒಳಹೊರಗೆ ಹಾರುವಂತಿರಲಿಲ್ಲ.

“ಒಂದು ವಾರದಿಂದ ಇದೇ ಗೋಳಾಯ್ತಲ್ಲಪ್ಪ,” ಎಂದರು ಅಕ್ಕಾವ್ರು, ಎಲ್ಲರಿಗೂ ಕೇಳುವಂತೆ. “ಸಂಜೆಯೊಳಗೆ ಕಾರಣ ಹುಡುಕು. ಆಮೇಲೆ ನಿನ್ನ ಕೆಲಸದ ವಿಷಯ ಮಾತಾಡೋಣ.”

ಸರ್ವರ್ ತೋಳೇರಿಸಿದ. ಅಲ್ಲಿ ಎಲ್ಲರ ಕೆಲಸವೂ ನಡೆಯುತ್ತಿದ್ದುದು ಒಳಕೋಣೆಯ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ. ಮೇಜುಗಳ ಮೇಲಿದ್ದವು ಅದರೊಳಕ್ಕೆ ಇಣುಕುವ ಕಿಂಡಿಗಳಷ್ಟೆ. ಪಾಸ್‌ವರ್ಡ್ ಮರೆಯುತ್ತಾರೆಂದು ಎಲ್ಲರಿಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡು ಬೇರೆ. ಆದ್ದರಿಂದ ಒಬ್ಬರು ಯಾವ ಪ್ರಿಂಟರಿಗೆ ಗುರುತು ಹಾಕಿದರೂ ಎಲ್ಲರ ಕಾಗದವೂ ಅಲ್ಲಿಗೇ. ನೋಡಿದರೆ ಗುರುತು ಗೋದಾಮಿನ ಪ್ರಿಂಟರಿನ ಮೇಲಿತ್ತು. ಆಫೀಸಿನದಕ್ಕೆ ಬದಲಿಸಿದ. ಬಿಲ್ಲು ಪಕ್ಕದಲ್ಲೇ ಗರಗರನೆ ಬಂತು. ಮೇಡಂ ಮುಖವರಳಿತು.

ಅವನು ಚಹಾದ ಲೋಟ ತುಟಿಗಿಡುವಷ್ಟರಲ್ಲಿ ಮುಂದಿನ ಬಿಲ್ಲು ಮತ್ತೆ ಗೋದಾಮಿಗೆ ಹೋಯಿತು.

“ವೈರು ಕಿತ್ತು, ಉಫ್ ಅಂತ ಊದಿ, ಮತ್ತೆ ಹಾಕಿ,” ಎಂದರು ಲೆಕ್ಕದವರು. “ನಮ್ಮ ಭಾಮೈದ ಟೀವಿಗೆ ಹಂಗೇ ಮಾಡೋದು.”

ಊದಿದ್ದಾಯಿತು. ಬಾಯಿಗೆ ಧೂಳು ಬಂತೇ ಹೊರತು ಪ್ರಿಂಟು ಬರಲಿಲ್ಲ. ಕೊನೆಗೆ ದೊಡ್ಡ ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿದ. “ಎಲ್ರೂ ಸೇವ್ ಮಾಡ್ಕೊಳ್ಳಿ” ಎಂದು ಕೂಗಿದ್ದೇನೋ ನಿಜ; ಆದರೆ ಕೂಗಿದ್ದು ಗುಂಡಿ ಒತ್ತಿದ ಮೇಲೆ. ಲೆಕ್ಕದವರ ಇಡೀ ಬೆಳಗಿನ ದುಡಿಮೆ ಗಾಳಿಗೆ ಹೋಯಿತು. ಅವರು ಭಾಮೈದನನ್ನು ಮರೆತು ಸರ್ವರನ ವಂಶಕ್ಕೆ ಕೈ ಹಾಕಿದರು.

ಊಟದ ಹೊತ್ತಿಗೆ ಗೋದಾಮಿನಿಂದ ಬಡಗಿ ಮೇಸ್ತ್ರಿ ಬೀಗುತ್ತ ಬಂದ.

“ದಂತವೈದ್ಯರ ಮುಂಬಾಗಿಲು ರೆಡಿ. ಕಿಂಡಿ ಎಷ್ಟು ನಯವಾಗಿ ಕೊರ್ದಿದೀನಿ, ಬಂದು ನೋಡಿ.”

“ಯಾವ ಕಿಂಡಿ?” ನಕ್ಷೆ ಬರೆಯುವ ಹುಡುಗಿ ಊಟದ ಡಬ್ಬಿ ಬದಿಗಿಟ್ಟು ಎದ್ದಳು.

“ಅದೇ, ಬೆಕ್ಕು ಓಡಾಡೋಕೆ. ನೀವೇ ತಾನೇ ನಕ್ಷೆ ಕಳ್ಸಿದ್ದು?”

ಅದು ಬೇರೆ ಯಾರದೋ ಅಡುಗೆಮನೆ ಬಾಗಿಲಿಗೆಂದು ಅವಳು ಸುಮ್ಮನೆ ಪ್ರಿಂಟು ಕೊಟ್ಟ ಮಾದರಿ; ಅದೂ ಗೋದಾಮಿನಲ್ಲೇ ಬಂದಿತ್ತು.

“ಡಾಕ್ಟರ ಮನೇಲಿ ಬೆಕ್ಕೇ ಇಲ್ವಲ್ರೀ!”

ಮೇಸ್ತ್ರಿ ಒಂದು ಗಳಿಗೆ ಯೋಚಿಸಿದ. “ಒಂದು ಮರಿ ತಂದ್ಕೊಟ್ರೆ ಆಯ್ತಪ್ಪ.”

ಇಡೀ ಆಫೀಸು ಸರ್ವರನತ್ತ ತಿರುಗಿತು. ಆ ಕಿಂಡಿಯಲ್ಲಿ ತಾನೇ ನುಸುಳಿ ಓಡಿಹೋಗೋಣ ಎನಿಸಿತು ಅವನಿಗೆ.

ಊಟ ಬಿಟ್ಟು, ಒಳಕೋಣೆಯಲ್ಲಿ ಕೂತು, ಇಲಿಬಿಲದ ಮುಂದೆ ಕಾಯುವವನಂತೆ ತೆರೆಯನ್ನೇ ನೋಡತೊಡಗಿದ. ಗುರುತು ಆಫೀಸಿನ ಮೇಲಿತ್ತು. ನೋಡನೋಡುತ್ತಿದ್ದಂತೆ ಗೋದಾಮಿಗೆ ಜಿಗಿಯಿತು! ಬದಲಿಸಿದ ಮೇಜು ಯಾವುದೆಂದು ಹುಡುಕಿದ. ಯಜಮಾನರ ಕೋಣೆ.

ಹೊರಗೆ ತಮ್ಮನನ್ನು ತಡೆದ ಅಕ್ಕಾವ್ರ ದನಿ: “ಎಲ್ಲಿಗೋ?”

“ಪ್ರಿಂಟು ಗೋದಾಮಲ್ಲಿ ಬಂದ್ಬಿಟ್ಟಿದೆ ಅಕ್ಕ. ರೇಟಿನ ಕಾಗದ, ಬೇರೆಯವರ ಕಣ್ಣಿಗೆ ಬೀಳ್ಬಾರ್ದು. ನಾನೇ ತರ್ತೀನಿ.”

ಸರ್ವರ್ ಸದ್ದಿಲ್ಲದೆ ಹಿಂಬಾಲಿಸಿದ. ಗೋದಾಮಿನಲ್ಲಿ ಹಲಗೆಗಳ ರಾಶಿಯ ಹಿಂದೆ ಯಜಮಾನರು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ಡಬ್ಬಿ, ಕೈಯಲ್ಲಿ ಬಿಸ್ಕತ್ತು, ಮೀಸೆಯಲ್ಲಿ ಅದರ ಪುಡಿ.

“ಸಾರ್, ನೀವಾ?”

ಯಜಮಾನರಿಗೆ ಬಿಕ್ಕಳಿಕೆ ಬಂತು. “ಮೆಲ್ಲಗೆ ಮಾತಾಡಯ್ಯ! ಸಕ್ಕರೆ ಕಾಯಿಲೆ ಅಂತ ಡಾಕ್ಟ್ರು ಹೇಳಿದ್ದೇ ತಡ, ಅಕ್ಕ ಬಾಯಿಗೆ ಬೀಗ ಹಾಕಿದಾಳೆ. ಪ್ರಿಂಟಿನ ನೆಪ ಇಲ್ದಿದ್ರೆ ನನ್ನ ಹೊರಗೇ ಬಿಡಲ್ಲ. ಅವಳಿಗೆ ಹೇಳಲ್ಲ ಅಂತ ಭಾಷೆ ಕೊಡು.” ಐವತ್ತು ದಾಟಿದ ಆ ಮನುಷ್ಯನ ಕಣ್ಣಲ್ಲಿ ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಮಗುವಿನ ದಿಗಿಲಿತ್ತು. ಸರ್ವರ್ ಅವರ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟ.

ಸಂಜೆ ಅಕ್ಕಾವ್ರು ಅವನನ್ನು ಒಳಕೋಣೆಗೆ ಕರೆದರು. “ಕಾರಣ ಸಿಕ್ತಾ?”

“ಇಲ್ಲ ಅಕ್ಕಾವ್ರೆ… ಏನೋ ಸರ್ವರ್ ಪ್ರಾಬ್ಲಮ್ಮು.”

ಅವರು ಎದ್ದು ಬಾಗಿಲು ಮುಚ್ಚಿದರು. “ಸುಳ್ಳು ಹೇಳೋಕೂ ಬರಲ್ವಲ್ಲೋ ನಿಂಗೆ. ಗೋದಾಮಲ್ಲಿ ಅವನು ಸಿಕ್ಕಿದ ತಾನೇ?”

ಸರ್ವರ್ ಮುಚ್ಚಿದ ಬಾಗಿಲಿನತ್ತ ಒಮ್ಮೆ ನೋಡಿದ.

“ದಿನಾ ನಡೀರಿ ಅಂತ ಡಾಕ್ಟ್ರು ಬೇಡಿಕೊಂಡ್ರೂ ಕುರ್ಚಿ ಬಿಟ್ಟು ಏಳ್ತಿರಲಿಲ್ಲ ಮಹಾರಾಯ. ಈಗ ನೋಡು, ಗಳಿಗೆಗೊಂದ್ಸಲ ಅಂಗಳ ದಾಟ್ತಾನೆ. ಮೇಸ್ತ್ರಿ ಕೈಲಿ ಆ ಡಬ್ಬಿಗೆ ಸಕ್ಕರೆ ಇಲ್ಲದ ಬಿಸ್ಕತ್ತು ತುಂಬಿಸ್ತಿರೋಳೇ ನಾನು. ಕದ್ದು ತಿನ್ನೋ ಖುಷೀಲಿ ಅವನಿಗೆ ರುಚಿ ತಿಳೀತಿಲ್ಲ.” ಅಕ್ಕಾವ್ರ ಮುಖದಲ್ಲಿ ನಗು ಸುಳಿಯಿತು. “ಎಲ್ಲರೂ ಕಿರುಚ್ತಿದ್ರಲ್ಲ, ಅದಕ್ಕೇ ಕಾರಣ ಹುಡುಕು ಅಂದೆ. ನೀನು ಹುಡುಕೇಬಿಡ್ತೀಯ ಅಂತ ಯಾರಿಗೆ ಗೊತ್ತಿತ್ತು? ಬುದ್ಧಿವಂತ ಕಣೋ. ಪ್ರಿಂಟರ್ ಹಂಗೇ ಇರ್ಲಿ.”

“ಹಾಗಾದ್ರೆ ನನ್ನ ಕೆಲಸ ಕಾಯಂ ಅಲ್ವಾ, ಅಕ್ಕಾವ್ರೆ?”

“ಅದು ಹೇಗಾಗುತ್ತೆ? ಒಂದು ಪ್ರಿಂಟರ್ ಸರಿಮಾಡಕ್ಕೆ ಬರದೇ ಇರೋನ್ನ ಕಾಯಂ ಮಾಡಿದ್ರೆ ಆಫೀಸಿನವರು ಸುಮ್ನಿರ್ತಾರಾ? ಅವನಿಗೂ ಅನುಮಾನ ಬರುತ್ತೆ. ಇನ್ನೊಂದು ಆರು ತಿಂಗಳು ಪ್ರೊಬೇಷನ್ನೇ ಮುಂದುವರಿಸ್ತೀನಿ. ಬೈಯ್ಯೋರು ಬೈತಾರೆ, ನೀನು ಹೂಂ ಅಂತಿರು.”

ಧನ್ಯವಾದ ಹೇಳುವುದೋ ಅಳುವುದೋ ತಿಳಿಯದೆ, ಎರಡಕ್ಕೂ ಹೊಂದುವಂತೆ ಕೈ ಮುಗಿದು ಸರ್ವರ್ ಬಾಗಿಲಿನತ್ತ ತಿರುಗಿದ.

“ಹಾಂ, ನಿಲ್ಲು,” ಎಂದರು ಅಕ್ಕಾವ್ರು. “ಗೋದಾಮಿನ ಪ್ರಿಂಟರಿನ ಮೇಲೆ ಒಂದು ಕಣ್ಣಿಟ್ಟಿರು. ಅದೇನಾದ್ರೂ ಕೆಟ್ಟಿತೋ, ನಿನ್ನನ್ನ ಕೆಲಸದಿಂದ ತೆಗೆದುಬಿಡ್ತೀನಿ.”